ಕುತ್ತಿಗೆ ಒಣಗಿರಲಿ, ಬೇರು ತಂಪಾಗಿರಲಿ: ಬಂಡೆ ತೋಟದಲ್ಲಿ ಲೂಯಿಸಿಯಾ

ಜನವರಿಯ ಒಂದು ಬೆಳಗ್ಗೆ ಲೂಯಿಸಿಯಾ ಗಿಡದ ಎಲೆಗಳು ಯಾಕೋ ಮಂಕಾಗಿವೆ ಅನ್ನಿಸಿ ಮೆಲ್ಲಗೆ ಮುಟ್ಟಿ ನೋಡಿದೆ. ಇಡೀ ಗಿಡ ಕೈಗೆ ಬಂತು. ಬೇರು ಮಣ್ಣಿನಲ್ಲೇ ಉಳಿಯಿತು. ಎಲೆ ಇನ್ನೂ ಹಸಿರಾಗಿಯೇ ಇತ್ತು. ಅಗೆದು ನೋಡಿದರೆ ಬೇರೂ ಗಟ್ಟಿಯಾಗಿತ್ತು. ಎರಡರ ನಡುವಿನ ಒಂದು ಇಂಚು ಮಾತ್ರ ಕೊಳೆತು ಕಂದು ಲೋಳೆಯಾಗಿತ್ತು.

ಅದಕ್ಕೆ ಎರಡು ವಾರ ಮುಂಚೆ ಇಲ್ಲಿ, ಅಮೆರಿಕದ ಆರೆಗನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ ಬಕೆಟ್ಟಿನ ನೀರು ಹೆಪ್ಪುಗಟ್ಟುವಷ್ಟು ಚಳಿ ಬಿದ್ದಿತ್ತು. ಚಳಿಗೇ ಸತ್ತಿದ್ದು ಅಂದುಕೊಂಡೆ. ಮುಂದಿನ ವರ್ಷ ಇನ್ನೊಂದು ಗಿಡ ತಂದು, ಚಳಿ ತಾಗದಿರಲಿ ಅಂತ ಒಣಗಿದ ಎಲೆಗಳನ್ನು ಬುಡಕ್ಕೆ ದಪ್ಪಗೆ ಹೊದಿಸಿದೆ. ಅದು ಡಿಸೆಂಬರ್ ಮುಗಿಯುವುದರೊಳಗೇ ಹೋಯಿತು. ಸತ್ತ ರೀತಿಯೂ ಅದೇ. ಮೇಲೆ ಹಸಿರು, ಕೆಳಗೆ ಗಟ್ಟಿ, ನಡುವೆ ಕೊಳೆ.

ಎಲೆ ಮುಗಿದು ಬೇರು ಶುರುವಾಗುವ ಆ ಜಾಗಕ್ಕೆ ಗಿಡದ ಕುತ್ತಿಗೆ ಅನ್ನುತ್ತಾರೆ. ಬೆಟ್ಟದ ಗಿಡಗಳನ್ನು ಅಂಗಳದಲ್ಲಿ ಬೆಳೆಸುವ ವಿದ್ಯೆಯಲ್ಲಿ ಮುಕ್ಕಾಲು ಪಾಲು ಈ ಒಂದಿಂಚನ್ನು ಕಾಯುವುದೇ ಆಗಿದೆ. ಗೊಬ್ಬರ ಹೆಚ್ಚು ಕಡಿಮೆಯಾದರೆ ಗಿಡ ಸುಧಾರಿಸಿಕೊಳ್ಳುತ್ತದೆ. ಒಂದು ವಾರ ನೀರು ಮರೆತರೂ ಸಹಿಸುತ್ತದೆ. ಕುತ್ತಿಗೆ ಕೊಳೆತರೆ ಮಾತ್ರ ಉಳಿಯುವುದು ಬಹಳ ಕಷ್ಟ. ಇದು ಅರ್ಥವಾಗಲು ನನಗೆ ಎರಡು ಗಿಡ, ಎರಡು ಚಳಿಗಾಲ ಬೇಕಾಯಿತು.

ಗಿಡದ ಪರಿಚಯ

ನಾನು ಹೇಳುತ್ತಿರುವುದು ಲೂಯಿಸಿಯಾ ಕಾಟಿಲೀಡನ್ ಬಗ್ಗೆ. ದಪ್ಪನೆಯ, ಚಮಚದ ಆಕಾರದ, ರಸ ತುಂಬಿದ ಎಲೆಗಳು ನೆಲಕ್ಕೆ ಅಂಟಿಕೊಂಡಂತೆ ಚಕ್ರವಾಗಿ ಹರಡಿರುತ್ತವೆ. ಇಡೀ ಗಿಡ ಊಟದ ತಟ್ಟೆಗಿಂತ ಚಿಕ್ಕದು. ಚಳಿಗಾಲದಲ್ಲೂ ಎಲೆ ಉದುರುವುದಿಲ್ಲ. ಮೇ ತಿಂಗಳ ಹೊತ್ತಿಗೆ ನಡುವಿನಿಂದ ಗೇಣುದ್ದದ ಕಡ್ಡಿಗಳು ಎದ್ದು, ತುದಿಯಲ್ಲಿ ಹೂಗೊಂಚಲು ಬಿಡುತ್ತದೆ. ಕಾಡಿನಲ್ಲಿ ಬಹುಪಾಲು ಗುಲಾಬಿ ಬಣ್ಣದ್ದು, ಒಂದೊಂದು ಎಸಳಿನ ಮೇಲೂ ಗಾಢವಾದ ಗೆರೆ. ನರ್ಸರಿಗಳ ತಳಿಗಳಲ್ಲಿ ಬಿಳಿ, ಹಳದಿ, ಕಿತ್ತಳೆ, ಕಡು ಕೆಂಪು ಎಲ್ಲ ಇವೆ. ಜಾಗ ಹಿಡಿಸಿದರೆ ವರ್ಷ ವರ್ಷವೂ ಹೂ ಬಿಡುತ್ತಾ ಪಕ್ಕದಲ್ಲಿ ಮರಿ ಹಾಕಿಕೊಂಡು ದಪ್ಪವಾಗುತ್ತದೆ.

ಕಳೆದ ಬೇಸಿಗೆಯಲ್ಲಿ ಶಿರಸಿಯಿಂದ ಅಮ್ಮ ಬಂದಿದ್ದರು. ಗಿಡದ ಪಕ್ಕ ಕೂತು ಎಲೆಯನ್ನು ಬೆರಳಲ್ಲಿ ಒತ್ತಿ ನೋಡಿ, "ಇದು ನಮ್ಮ ಗೋಣಿಸೊಪ್ಪಿನ ಜಾತಿಯ ಹಾಗಿದೆಯಲ್ಲೋ" ಅಂದರು. ಅಮ್ಮ ಸಸ್ಯಶಾಸ್ತ್ರ ಓದಿದವರಲ್ಲ. ಆದರೆ ಹೇಳಿದ್ದು ಸರಿ ಇತ್ತು. ಗೋಣಿಸೊಪ್ಪು, ಟೇಬಲ್ ರೋಸ್, ಲೂಯಿಸಿಯಾ ಎಲ್ಲವನ್ನೂ ಸಸ್ಯಶಾಸ್ತ್ರಜ್ಞರು ಬಹಳ ಕಾಲ ಒಂದೇ ಕುಟುಂಬದಲ್ಲಿ ಇಟ್ಟಿದ್ದರು. ಈಚೆಗೆ ಲೂಯಿಸಿಯಾವನ್ನು ಬೇರೆ ಕುಟುಂಬಕ್ಕೆ ಸೇರಿಸಿದ್ದಾರೆ, ಆದರೂ ನೆಂಟಸ್ತನ ಹತ್ತಿರದ್ದೇ. ಟೇಬಲ್ ರೋಸ್ ಬೆಳೆಸಿದವರಿಗೆ ಗೊತ್ತಿರುತ್ತದೆ, ಅದು ಬಿಸಿಲಿಗೆ ಜಗ್ಗುವುದಿಲ್ಲ, ಬುಡದಲ್ಲಿ ನೀರು ನಿಂತರೆ ಕರಗಿಹೋಗುತ್ತದೆ. ಆ ಗುಣ ಈ ವಂಶದ್ದು. ಎಲೆಯಲ್ಲಿ, ಬೇರಿನಲ್ಲಿ ನೀರು ತುಂಬಿಟ್ಟುಕೊಂಡಿರುವ ಗಿಡಕ್ಕೆ ಹೊರಗೂ ಸದಾ ನೀರಿದ್ದರೆ ತಾಳದು.

ಇಂಥವನ್ನು ತೋಟಗಾರರು ಆಲ್ಪೈನ್ ಗಿಡ ಅಂತ ಕರೆಯುತ್ತಾರೆ. ಕಟ್ಟುನಿಟ್ಟಾಗಿ ಹೇಳಿದರೆ ಆಲ್ಪೈನ್ ಅಂದರೆ ಮರ ಬೆಳೆಯುವ ಎತ್ತರವನ್ನೂ ದಾಟಿದ ಮೇಲಿನ ಪ್ರದೇಶ. ಲೂಯಿಸಿಯಾ ಅದಕ್ಕಿಂತ ಕೆಳಗೂ ಬೆಳೆಯುತ್ತದೆ. ಆದರೆ ತೋಟದ ಮಾತಿನಲ್ಲಿ ಬಂಡೆಗಳ ನಡುವೆ ಬೆಳೆಯುವ ಗಿಡ್ಡ ಬೆಟ್ಟದ ಗಿಡವೆಲ್ಲ ಆಲ್ಪೈನೇ.

ಚಳಿಯೂ ಅಲ್ಲ, ಮಳೆಯೂ ಅಲ್ಲ

ಬೆಟ್ಟದ ಗಿಡಕ್ಕೆ ಚಳಿ ಶತ್ರುವಲ್ಲ. ಎತ್ತರದ ಬೆಟ್ಟಗಳಲ್ಲಿ ಚಳಿಗಾಲ ಪೂರ್ತಿ ಗಿಡದ ಮೇಲೆ ಹಿಮ ಕೂತಿರುತ್ತದೆ. ಹೊಸದಾಗಿ ಬಿದ್ದ ಹಿಮದಲ್ಲಿ ಹೆಚ್ಚಿನ ಭಾಗ ಗಾಳಿಯೇ ಇರುತ್ತದೆ. ಹಾಗಾಗಿ ಅದು ಹತ್ತಿಯ ರಜಾಯಿ ಇದ್ದ ಹಾಗೆ. ಮೇಲೆ ಗಾಳಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿದ್ದರೂ, ದಪ್ಪ ಹಿಮದ ಅಡಿಯ ನೆಲ ಸೊನ್ನೆಯ ಆಸುಪಾಸಿನಲ್ಲೇ ಇರುತ್ತದೆ. ಇನ್ನೂ ಮುಖ್ಯವಾದದ್ದು, ಹೆಪ್ಪುಗಟ್ಟಿದ ನೀರು ಹರಿಯುವ ನೀರಲ್ಲ. ಹಿಮದಡಿ ಮಲಗಿದ ಗಿಡ ತಿಂಗಳುಗಟ್ಟಲೆ ಒಂದು ರೀತಿಯಲ್ಲಿ ಒಣಗಿಯೇ ಇರುತ್ತದೆ. ಆ ಚಳಿಯಲ್ಲಿ ಕೊಳೆಸುವ ಜೀವಿಗಳಿಗೂ ಕೆಲಸ ಇಲ್ಲ.

ಹಾಗಾದರೆ ಮಳೆ ಶತ್ರುವೇ? ನಾನೂ ಮೊದಲು ಹಾಗೇ ಅಂದುಕೊಂಡೆ. ಆದರೆ ಲೂಯಿಸಿಯಾದ ತವರು ನೋಡಿದರೆ ಆ ಮಾತು ನಿಲ್ಲುವುದಿಲ್ಲ. ಆರೆಗನ್ ರಾಜ್ಯದ ನೈಋತ್ಯ ಮೂಲೆ, ಕ್ಯಾಲಿಫೋರ್ನಿಯಾದ ವಾಯವ್ಯ ಮೂಲೆ, ಅಲ್ಲಿನ ಸಿಸ್ಕಿಯೂ ಮತ್ತು ಕ್ಲಾಮತ್ ಬೆಟ್ಟಗಳು ಇದರ ಊರು. ನನ್ನ ಮನೆಯಿಂದ ಕಾರಿನಲ್ಲಿ ನಾಲ್ಕೈದು ಗಂಟೆ ದಾರಿ. ಅಲ್ಲೂ ಬೇಸಿಗೆ ಒಣ, ಚಳಿಗಾಲದಲ್ಲಿ ಮಳೆ. ತುಸು ಮೇಲೆ ಹೋದರೆ ಹಿಮ. ಅಂದರೆ ಚಳಿ ಮತ್ತು ಮಳೆ ಒಟ್ಟಿಗೇ ಬರುವ ಹವೆಯಲ್ಲಿ ಇದು ಸಾವಿರಾರು ವರ್ಷಗಳಿಂದ ಬದುಕಿದೆ. ನನ್ನ ಅಂಗಳದಲ್ಲಿ ಅದೇ ಹವೆಗೆ ಸಾಯುತ್ತದೆ. ಇದು ಹೇಗೆ?

ಉತ್ತರ ಸಿಕ್ಕಿದ್ದು ಅಲ್ಲಿಗೆ ಹೋಗಿ ಕಣ್ಣಾರೆ ನೋಡಿದಾಗ. ಲೂಯಿಸಿಯಾ ಅಲ್ಲಿ ನೆಲದ ಮೇಲೆ ಇರಲಿಲ್ಲ. ಗೋಡೆಯಂಥ ಬಂಡೆಯ ಬಿರುಕಿನಲ್ಲಿ ಅಡ್ಡಡ್ಡಲಾಗಿ ಇತ್ತು. ಹೆಚ್ಚಿನವು ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳದ ಕಡೆ. ಎಲೆಯ ಚಕ್ರ ಹೊರಕ್ಕೆ ವಾಲಿತ್ತು, ನೆಟ್ಟಗೆ ಆಕಾಶ ನೋಡುತ್ತಿರಲಿಲ್ಲ. ಮಳೆ ಬಿದ್ದರೆ ತಟ್ಟೆ ಬಗ್ಗಿಸಿದ ಹಾಗೆ ನೀರು ಜಾರಿ ಹೋಗುತ್ತದೆ. ಕುತ್ತಿಗೆ ಎರಡು ಕಲ್ಲಿನ ನಡುವೆ ಗಾಳಿಯಲ್ಲಿ. ಅದರ ಸುತ್ತ ಮಣ್ಣೇ ಇಲ್ಲ, ಬರೀ ಕಲ್ಲಿನ ಚೂರು. ಬೇರು ಮಾತ್ರ ಬಿರುಕಿನ ಆಳಕ್ಕೆ ಇಳಿದಿತ್ತು. ಒಳಗೆ ಕಲ್ಲಿನ ಪುಡಿ ಮತ್ತು ಕೊಳೆತ ಎಲೆಯ ಹುಡಿ ಸೇರಿಕೊಂಡಿರುತ್ತದೆ. ಬೇಸಿಗೆಯಲ್ಲಿ ಯಾವುದಾದರೂ ದೊಡ್ಡ ಕಲ್ಲನ್ನು ಎತ್ತಿ ನೋಡಿ, ಅಡಿಯಲ್ಲಿ ನೆಲ ತಂಪಾಗಿ ತೇವವಾಗಿರುತ್ತದೆ ಅಲ್ವಾ? ಬಂಡೆಯ ಒಳಗೂ ಹಾಗೆಯೇ. ಮೇಲೆ ಸುಡುಬಿಸಿಲಿದ್ದರೂ ಬೇರಿನ ತುದಿಗೆ ತಣ್ಣನೆಯ ತೇವ ಸಿಗುತ್ತದೆ.

ಹಾಗಾಗಿ ಗಿಡವನ್ನು ಕೊಲ್ಲುವುದು ಬೀಳುವ ನೀರಲ್ಲ, ನಿಲ್ಲುವ ನೀರು. ಬಂಡೆಯಲ್ಲಿ ನೀರು ಬಂದು ಹೋಗುತ್ತದೆ. ನನ್ನ ಅಂಗಳದಲ್ಲಿ ಬಂದದ್ದು ಕೂತೇ ಇರುತ್ತದೆ.

ಲೆಕ್ಕದಲ್ಲಿ ನೋಡಿದರೆ ಪೋರ್ಟ್‌ಲ್ಯಾಂಡ್‌ನ ಮಳೆ ಏನೂ ಜಾಸ್ತಿಯಲ್ಲ. ವರ್ಷಕ್ಕೆ 900ರಿಂದ 1000 ಮಿಲಿಮೀಟರ್. ಬೆಂಗಳೂರಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಬೀಳುತ್ತದೆ. ಶಿರಸಿಯಲ್ಲಿ ಇದರ ಎರಡರಷ್ಟಕ್ಕೂ ಜಾಸ್ತಿ. ಆದರೆ ಇಲ್ಲಿನ ಮಳೆ ಸುರಿದು ನಿಲ್ಲುವ ಮಳೆಯಲ್ಲ. ಅಕ್ಟೋಬರ್ ಕೊನೆಗೆ ಶುರುವಾದರೆ ಏಪ್ರಿಲ್‌ವರೆಗೂ ಜಿಟಿಜಿಟಿ. ವರ್ಷಕ್ಕೆ ಸುಮಾರು 150 ದಿನ ಒಂದಲ್ಲ ಒಂದು ಹೊತ್ತು ಹನಿ ಬೀಳುತ್ತದೆ. ನಡುವೆ ಒಣಗಿಸುವ ಬಿಸಿಲಿಲ್ಲ. ತಿಂಗಳುಗಟ್ಟಲೆ ನೆಲ ಒದ್ದೆ. ಮಳೆಮಾಪಕದ ಅಂಕಿಗಿಂತ, ಎರಡು ಮಳೆಯ ನಡುವೆ ಕುತ್ತಿಗೆ ಒಣಗಲು ಎಷ್ಟು ಹೊತ್ತು ಸಿಗುತ್ತದೆ ಅನ್ನುವುದು ಗಿಡಕ್ಕೆ ಮುಖ್ಯ.

ಒದ್ದೆ ಯಾಕೆ ಕೊಲ್ಲುತ್ತದೆ

ಬೇರೂ ಉಸಿರಾಡುತ್ತದೆ. ಮಣ್ಣಿನ ಕಣಗಳ ನಡುವಿನ ಸಂದಿಗಳಲ್ಲಿ ಇರುವ ಗಾಳಿಯಿಂದ ಅದಕ್ಕೆ ಆಮ್ಲಜನಕ ಬೇಕು. ಸಂದಿಗಳಲ್ಲಿ ನೀರು ತುಂಬಿದರೆ ಗಾಳಿ ಹೊರಗೆ ಹೋಗುತ್ತದೆ. ನೀರಿನೊಳಗೆ ಆಮ್ಲಜನಕ ಹರಡುವ ವೇಗ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ. ಹಾಗಾಗಿ ನೀರು ನಿಂತ ಮಣ್ಣಿನಲ್ಲಿ ಬೇರು ಉಸಿರುಗಟ್ಟಿ ಬಲಗುಂದುತ್ತದೆ. ಆಗ ಕೊಳೆಸುವ ಜೀವಿಗಳು ಬರುತ್ತವೆ. ಅವುಗಳಲ್ಲಿ ಮುಖ್ಯವಾದದ್ದು ಫೈಟಾಫ್ಥೊರಾ ಮತ್ತು ಪಿಥಿಯಂ ಗುಂಪು. ಇವುಗಳ ಬೀಜಕಣಗಳಿಗೆ ಸಣ್ಣ ಬಾಲಗಳಿದ್ದು ನೀರಿನ ಪದರದಲ್ಲಿ ಈಜಿಕೊಂಡು ಹೋಗಬಲ್ಲವು. ನೀರಿಲ್ಲದಿದ್ದರೆ ಈಜುವುದಕ್ಕೆ ದಾರಿಯಿಲ್ಲ.

ಫೈಟಾಫ್ಥೊರಾ ಅನ್ನುವ ಹೆಸರು ಹೊಸದಾದರೂ ಅಡಿಕೆ ಬೆಳೆಯುವವರಿಗೆ ಅದರ ಕೆಲಸ ಹೊಸದಲ್ಲ. ಮಲೆನಾಡಿನಲ್ಲಿ ಜೂನ್ ಜುಲೈ ಬಂತೆಂದರೆ ಹೆದರಿಸುವ ಕೊಳೆರೋಗ ಇದೇ ಗುಂಪಿನದು. ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿಯಾಗಿದ್ದ ಲೆಸ್ಲಿ ಕೋಲ್ಮನ್ 1910ರಲ್ಲೇ ಅಡಿಕೆಯ ಕೊಳೆರೋಗದ ಬಗ್ಗೆ ಬರೆದರು. ಬೋರ್ಡೋ ದ್ರಾವಣ ಹೊಡೆಯುವ ಪದ್ಧತಿ ನಮ್ಮ ಕಡೆ ಬೇರೂರಿದ್ದರ ಹಿಂದೆ ಅವರ ಶ್ರಮ ಇದೆ. ದ್ರಾವಣ ಹೊಡೆಯುವುದರ ಜೊತೆಗೆ ನಮ್ಮವರಲ್ಲಿ ಇನ್ನೊಂದು ಉಪಾಯವಿತ್ತು. ಅಡಿಕೆ ಕೊನೆಗೆ, ಅಂದರೆ ಗೊನೆಗೆ, ಕೊಟ್ಟೆ ಕಟ್ಟುವುದು. ಕೊನೆಯ ಮೇಲೆ ಹೊದಿಕೆ ಕಟ್ಟಿ ಮಳೆನೀರು ನೇರವಾಗಿ ಬೀಳದಂತೆ ಮಾಡುವುದು. ಕಾಯಿ ಒಣಗಿದ್ದರೆ ಕೊಳೆ ಹತ್ತುವುದಿಲ್ಲ ಅನ್ನುವ ನೇರ ತಿಳಿವಳಿಕೆ ಅದು.

ಈರುಳ್ಳಿ ಬೆಳೆಯುವವರಿಗೂ ಇದು ಗೊತ್ತು. ಕಿತ್ತ ಈರುಳ್ಳಿಯ ಕುತ್ತಿಗೆ ಪೂರ್ತಿ ಒಣಗದೆ ಚೀಲಕ್ಕೆ ತುಂಬಿದರೆ ಕೊಳೆ ಅಲ್ಲಿಂದಲೇ ಶುರುವಾಗುತ್ತದೆ. ಲೂಯಿಸಿಯಾದ ಬೇರು ಕೂಡ ಒಂದು ರೀತಿಯ ಗಡ್ಡೆ. ಮೂಲಂಗಿಯ ಹಾಗೆ ದಪ್ಪ, ಒಳಗೆ ನೀರು, ಆಹಾರ. ಅದನ್ನು ಒದ್ದೆ ಗೋಣಿಚೀಲದಲ್ಲಿ ಆರು ತಿಂಗಳು ಇಡುವುದೂ, ಚಳಿಗಾಲದ ಜೇಡಿಮಣ್ಣಿನಲ್ಲಿ ನೆಡುವುದೂ ಒಂದೇ.

ಇದನ್ನು ಓದಿದ ಮೇಲೆ ನಾನು ಹೊದಿಸಿದ್ದ ಒಣಗಿದ ಎಲೆಗಳ ನೆನಪಾಗಿ ನಿಜಕ್ಕೂ ಬೇಜಾರಾಯಿತು. ಚಳಿಯಿಂದ ಕಾಯುತ್ತೇನೆ ಅಂದುಕೊಂಡು ಒದ್ದೆ ಸ್ಪಂಜನ್ನು ಅದರ ಕುತ್ತಿಗೆಗೆ ಸುತ್ತಿದ್ದೆ.

ಕೆಳಗೆ ಜಲ್ಲಿ ಹಾಕಿದರೆ ಸಾಲದು

ಮೊದಲ ಗಿಡ ನೆಡುವಾಗ ನಾನು ಏನೂ ಮಾಡಿರಲಿಲ್ಲ ಅಂತಲ್ಲ. ಗುಂಡಿ ತೋಡಿ, ತಳಕ್ಕೆ ಒಂದು ಬೊಗಸೆ ಜಲ್ಲಿ ಹಾಕಿ, ಮೇಲೆ ಒಳ್ಳೆಯ ಮಣ್ಣು ತುಂಬಿ ನೆಟ್ಟಿದ್ದೆ. ಕುಂಡದ ತಳಕ್ಕೆ ಹೆಂಚಿನ ಚೂರು ಹಾಕುವುದನ್ನು ನಾವೆಲ್ಲ ಕಲಿತಿದ್ದೇವೆ. ನೀರು ಬಸಿಯುತ್ತದೆ ಅನ್ನುವ ನಂಬಿಕೆ. ಅದು ಕೆಲಸ ಮಾಡುವುದಿಲ್ಲ, ಮತ್ತು ಯಾಕೆ ಮಾಡುವುದಿಲ್ಲ ಅನ್ನುವುದು ಈ ಇಡೀ ವಿಷಯದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ.

ಪಾತ್ರೆ ತೊಳೆಯುವ ಹೊಸ ಸ್ಪಂಜ್ ಒಂದನ್ನು ನೀರಿನಲ್ಲಿ ಪೂರ್ತಿ ನೆನೆಸಿ ಎತ್ತಿ. ಅಡ್ಡಲಾಗಿ, ಅಂಗೈ ಮೇಲೆ ಮಲಗಿಸಿ ಹಿಡಿಯಿರಿ. ಸ್ವಲ್ಪ ನೀರು ತೊಟ್ಟಿಕ್ಕಿ ನಿಲ್ಲುತ್ತದೆ. ಈಗ ಹಿಂಡದೆ, ಸುಮ್ನೆ ಉದ್ದುದ್ದಕ್ಕೆ ನಿಲ್ಲಿಸಿ ಹಿಡಿಯಿರಿ. ಮತ್ತೆ ನೀರು ಸುರಿಯುತ್ತದೆ. ಸ್ಪಂಜ್ ಅದೇ, ತೂತುಗಳೂ ಅವೇ. ಎತ್ತರ ಮಾತ್ರ ಬದಲಾಯಿತು.

ಸಣ್ಣ ಸಂದಿಗಳು ನೀರನ್ನು ಹಿಡಿದುಕೊಳ್ಳುತ್ತವೆ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆಯುವುದೂ ಇದೇ ಶಕ್ತಿಯಿಂದ. ಭೂಮಿ ಕೆಳಕ್ಕೆ ಎಳೆಯುತ್ತದೆ, ಸಂದಿಗಳು ಹಿಡಿದಿಡುತ್ತವೆ. ಹಾಗಾಗಿ ಯಾವುದೇ ಕುಂಡದ ತಳದಲ್ಲಿ ಒಂದಿಷ್ಟು ಎತ್ತರದವರೆಗೆ ನೀರು ಬಸಿಯದೆ ನಿಂತೇ ಇರುತ್ತದೆ. ಆ ಒದ್ದೆ ಪದರದ ಎತ್ತರ ಮಣ್ಣಿನ ನುಣುಪಿನ ಮೇಲೆ ನಿಂತಿದೆ. ಕುಂಡ ದೊಡ್ಡದೋ ಚಿಕ್ಕದೋ ಅನ್ನುವುದು ಲೆಕ್ಕಕ್ಕಿಲ್ಲ. ನುಣ್ಣನೆಯ ಮಣ್ಣಾದರೆ ಪದರ ದಪ್ಪ, ದೊರಗು ಕಲ್ಲಾದರೆ ತೆಳು.

ಈಗ ನುಣ್ಣನೆಯ ಮಣ್ಣಿನ ಕೆಳಗೆ ಜಲ್ಲಿ ಇದೆ ಅಂದುಕೊಳ್ಳಿ. ಜಲ್ಲಿಯ ದೊಡ್ಡ ಸಂದಿಗಳಿಗೆ ನೀರನ್ನು ಎಳೆದುಕೊಳ್ಳುವ ಶಕ್ತಿಯಿಲ್ಲ. ಮೇಲಿನ ಮಣ್ಣು ಪೂರ್ತಿ ನೆನೆದು ತುಂಬುವವರೆಗೆ ಒಂದು ಹನಿಯೂ ಜಲ್ಲಿಗೆ ಇಳಿಯುವುದಿಲ್ಲ. ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯ ಮಣ್ಣು ವಿಜ್ಞಾನಿ ವಾಲ್ಟರ್ ಗಾರ್ಡ್ನರ್ ದಶಕಗಳ ಹಿಂದೆಯೇ ಗಾಜಿನ ಪೆಟ್ಟಿಗೆಗಳಲ್ಲಿ ಮಣ್ಣು ತುಂಬಿ, ನೀರು ಹೀಗೆ ಗಡಿಯಲ್ಲಿ ನಿಂತುಬಿಡುವುದನ್ನು ಚಿತ್ರೀಕರಿಸಿ ತೋರಿಸಿದ್ದರು. ಅಂದರೆ ತಳಕ್ಕೆ ಜಲ್ಲಿ ಹಾಕಿದಾಗ ಒದ್ದೆ ಪದರ ಇಲ್ಲವಾಗುವುದಿಲ್ಲ, ಮೇಲಕ್ಕೆ ಬರುತ್ತದೆ. ಗಿಡದ ಕುತ್ತಿಗೆಗೆ ಇನ್ನಷ್ಟು ಹತ್ತಿರವಾಗುತ್ತದೆ.

ನನ್ನ ವಿಷಯದಲ್ಲಿ ಇನ್ನೊಂದು ತೊಂದರೆಯಿತ್ತು. ಇಲ್ಲಿನ ವಿಲ್ಯಾಮೆಟ್ ಕಣಿವೆಯಲ್ಲಿ ನೆಲ ನುಣುಪು ಹೂಳು ಮತ್ತು ಜೇಡಿ. ಹಿಮಯುಗದ ಕೊನೆಯಲ್ಲಿ, ಈಗಿನ ಮೊಂಟಾನಾ ರಾಜ್ಯದಲ್ಲಿದ್ದ ಮಿಸ್ಸೂಲಾ ಸರೋವರವನ್ನು ತಡೆದಿದ್ದ ಹಿಮದ ಕಟ್ಟೆ ಒಡೆದು ಮತ್ತೆ ಮತ್ತೆ ಬಂದ ದೊಡ್ಡ ಪ್ರವಾಹಗಳು ಇಲ್ಲಿ ಹೂಳು ಹರಡಿ ಹೋದವು. ಬೇಸಾಯಕ್ಕೆ ಬಂಗಾರದಂಥ ನೆಲ. ಆದರೆ ಅದರಲ್ಲಿ ಗುಂಡಿ ತೋಡಿ ಬೇರೆ ಮಣ್ಣು ತುಂಬಿದರೆ ಅದು ತೊಟ್ಟಿಯಾಗುತ್ತದೆ. ಸುತ್ತಲಿನ ನೀರೆಲ್ಲ ಅಲ್ಲಿ ಬಂದು ಸೇರುತ್ತದೆ. ಜೇಡಿಗೆ ಒಂದಿಷ್ಟು ಮರಳು ಬೆರೆಸುವುದೂ ಪರಿಹಾರವಲ್ಲ, ಒಣಗಿದಾಗ ಇಟ್ಟಿಗೆಯ ಹಾಗೆ ಗಟ್ಟಿಯಾಗುತ್ತದೆ. ಕೆಳಗೆ ತೋಡುವುದನ್ನು ಬಿಟ್ಟು ಮೇಲಕ್ಕೆ ಕಟ್ಟಬೇಕು.

ಬಿರುಕು ಕಟ್ಟುವುದು

ಬಂಡೆ ತೋಟ ಹಳೆಯ ಹವ್ಯಾಸ. ಲಂಡನ್ನಿನ ಚೆಲ್ಸೀ ಫಿಸಿಕ್ ಗಾರ್ಡನ್‌ನಲ್ಲಿ 1773ರಲ್ಲೇ ಲಂಡನ್ ಟವರ್‌ನ ಹಳೆಯ ಕಲ್ಲುಗಳು, ಐಸ್‌ಲ್ಯಾಂಡಿನಿಂದ ತಂದ ಲಾವಾ ಕಲ್ಲುಗಳಿಂದ ಒಂದನ್ನು ಕಟ್ಟಿದ್ದರು. ಅದು ಇಂದಿಗೂ ಇದೆ. ಆದರೆ ಲೂಯಿಸಿಯಾಕ್ಕೆ ಸರಿಹೋಗುವ ಮಾದರಿ ಈಚಿನದು. ಜೆಕ್ ದೇಶದ ತೋಟಗಾರರು, ಅವರಲ್ಲೂ ಜ್ಡೆನೆಕ್ ಜ್ವೊಲಾನೆಕ್, ಚಪ್ಪಟೆ ಕಲ್ಲುಗಳನ್ನು ನೆಟ್ಟಗೆ ನಿಲ್ಲಿಸಿ ನಡುವಿನ ಬಿರುಕಿನಲ್ಲಿ ಗಿಡ ನೆಡುವ ಪದ್ಧತಿಯನ್ನು ಜಗತ್ತಿಗೆ ಪರಿಚಯಿಸಿದರು. ಇದನ್ನು ನೋಡಿದಾಗ ನನಗೆ ಸಿಸ್ಕಿಯೂ ಬಂಡೆಯೇ ಕಣ್ಣೆದುರು ಬಂತು.

ನಾನು ಮಾಡಿದ್ದು ಹೀಗೆ. ಮನೆಯ ಪೂರ್ವಕ್ಕೆ, ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಕಡೆ ಜಾಗ ಆರಿಸಿದೆ. ನೆಲ ಅಗೆಯದೆ, ಅದರ ಮೇಲೆ ಒಂದೂವರೆ ಅಡಿ ಎತ್ತರಕ್ಕೆ ದಿಬ್ಬ ಹಾಕಿದೆ. ದಿಬ್ಬದ ಮಿಶ್ರಣದಲ್ಲಿ ಮಣ್ಣು ಬಹಳ ಕಡಿಮೆ. ಮೂರು ಪಾಲು ಕಲ್ಲುನುಚ್ಚು, ಒಂದು ಪಾಲು ಮಣ್ಣು ಮತ್ತು ಎಲೆಗೊಬ್ಬರ. ಕಲ್ಲುನುಚ್ಚು ಅಂದರೆ 3ರಿಂದ 6 ಮಿಲಿಮೀಟರ್ ಗಾತ್ರದ್ದು, ಪುಡಿ ಜರಡಿ ಹಿಡಿದು ತೆಗೆದದ್ದು. ನಮ್ಮೂರಿನ ಬೇಬಿ ಜಲ್ಲಿಗಿಂತ ಒಂದು ಸುತ್ತು ಸಣ್ಣದು. ಇಲ್ಲಿ ಕೋಳಿಗಳಿಗೆ ಮೇವಿನ ಜೊತೆ ಕೊಡುವ ಗ್ರಾನೈಟ್ ನುಚ್ಚು ಸಿಗುತ್ತದೆ, ಜ್ವಾಲಾಮುಖಿಯ ಹಗುರ ಕಲ್ಲು ಪ್ಯೂಮಿಸ್ ಕೂಡ ಸಿಗುತ್ತದೆ. ಎರಡನ್ನೂ ಬೆರೆಸಿದೆ. ಪ್ಯೂಮಿಸ್‌ನ ಸಣ್ಣ ತೂತುಗಳಲ್ಲಿ ತುಸು ತೇವ ಉಳಿಯುತ್ತದೆ, ಕಣಗಳ ನಡುವೆ ಗಾಳಿಯೂ ಇರುತ್ತದೆ. ಸುಣ್ಣಕಲ್ಲು ಬೇಡ, ಈ ಜಾತಿಗೆ ಸುಣ್ಣ ಒಗ್ಗುವುದಿಲ್ಲ.

ಆಮೇಲೆ ಕಲ್ಲು. ಉದ್ದನೆಯ ಚಪ್ಪಟೆ ಕಲ್ಲುಗಳನ್ನು ಶೆಲ್ಫಿನಲ್ಲಿ ಪುಸ್ತಕ ನಿಲ್ಲಿಸಿದ ಹಾಗೆ ಒಂದರ ಪಕ್ಕ ಒಂದು ನಿಲ್ಲಿಸಿದೆ. ಎಲ್ಲವೂ ಒಂದೇ ದಿಕ್ಕಿಗೆ ಸ್ವಲ್ಪ ವಾಲಿರಬೇಕು. ಇಲ್ಲದಿದ್ದರೆ ನೋಡಲು ಸ್ಮಶಾನದ ಕಲ್ಲುಗಳ ಹಾಗೆ ಕಾಣುತ್ತದೆ. ಅರ್ಧದಷ್ಟಾದರೂ ಕಲ್ಲು ದಿಬ್ಬದೊಳಗೆ ಇರಬೇಕು. ಹತ್ತಿದರೆ ಅಲುಗಾಡಬಾರದು. ನಡುವೆ ಎರಡರಿಂದ ಮೂರು ಸೆಂಟಿಮೀಟರ್ ಸಂದಿ ಬಿಟ್ಟು, ಅದಕ್ಕೆ ಅದೇ ಮಿಶ್ರಣವನ್ನು ಕೋಲಿನಿಂದ ತಟ್ಟಿ ತಟ್ಟಿ ತುಂಬಿದೆ. ಒಳಗೆ ಪೊಳ್ಳು ಉಳಿದರೆ ಬೇರು ಅಲ್ಲಿಗೆ ಬಂದು ಒಣಗುತ್ತದೆ.

ಬಿರುಕು ಯಾಕೆ ಅಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಸ್ಪಂಜನ್ನೇ ನೆನಪಿಸಿಕೊಳ್ಳಿ. ತೆಳ್ಳಗೆ, ಎತ್ತರಕ್ಕೆ ನಿಂತ ಮಿಶ್ರಣದ ಪದರ ಅದು. ಒದ್ದೆ ಪದರ ಒಂದೂವರೆ ಅಡಿ ಕೆಳಗೆ, ತಳದಲ್ಲಿ. ಕುತ್ತಿಗೆ ಮೇಲೆ, ಗಾಳಿಯಲ್ಲಿ. ಬೇರಿಗೆ ನೀರು ಬೇಕಾದರೆ ಇಳಿದು ಹೋಗಿ ಕುಡಿಯುತ್ತದೆ.

ನೆಡುವ ಕೆಲಸ

ನರ್ಸರಿಯಿಂದ ತಂದ ಲೂಯಿಸಿಯಾ ಸಾಮಾನ್ಯವಾಗಿ ಪೀಟ್ ತುಂಬಿದ ಕುಂಡದಲ್ಲಿ ಇರುತ್ತದೆ. ಪೀಟ್ ನಮ್ಮ ತೆಂಗಿನ ನಾರಿನ ಹುಡಿಯ ಹಾಗೆ, ನೀರನ್ನು ಬಿಡುವುದಿಲ್ಲ. ಗಿಡವನ್ನು ಹಾಗೇ ಎತ್ತಿ ನೆಟ್ಟರೆ ಕಲ್ಲುನುಚ್ಚಿನ ನಡುವೆ ಒಂದು ಒದ್ದೆ ಉಂಡೆ ಕೂತಂತಾಗುತ್ತದೆ. ದಿಬ್ಬ ಕಟ್ಟಿದ್ದೆಲ್ಲ ವ್ಯರ್ಥ. ಬಕೆಟ್ ನೀರಿನಲ್ಲಿ ಬೇರನ್ನು ಅದ್ದಿ, ಬೆರಳಿನಿಂದ ಮೆಲ್ಲಗೆ ಬಿಡಿಸಿ, ಪೀಟ್ ಪೂರ್ತಿ ತೊಳೆದು ತೆಗೆಯಬೇಕು. ಮೊದಲ ಸಲ ಮಾಡುವಾಗ ಕೈ ನಡುಗುತ್ತದೆ. ಗಿಡ ತಡೆದುಕೊಳ್ಳುತ್ತದೆ, ಹೆದರಬೇಡಿ. ಹೂ ಮುಗಿದ ಮೇಲೆ ಅಥವಾ ಸೆಪ್ಟೆಂಬರ್ ಮೊದಲ ವಾರದಲ್ಲಿ ಮಾಡಿದರೆ ಮಳೆಗಾಲಕ್ಕೆ ಮೊದಲು ಹೊಸ ಬೇರು ಬಿಡಲು ಸಮಯ ಸಿಗುತ್ತದೆ.

ಚಿಕ್ಕ ಗಿಡ ಆರಿಸಿ. ಬೇರನ್ನು ಬಿರುಕಿನೊಳಗೆ ಇಳಿಬಿಟ್ಟು, ಸುತ್ತ ಮಿಶ್ರಣ ತುಂಬಿ, ಮೇಲೆ ಕಲ್ಲಿನ ಚೂರನ್ನು ಬೆಣೆಯ ಹಾಗೆ ಹೊಡೆದು ಗಿಡ ಅಲುಗಾಡದಂತೆ ಕೂರಿಸಿ. ಎಲೆಚಕ್ರ ಹೊರಕ್ಕೆ ವಾಲಿರಲಿ. ಕುತ್ತಿಗೆ ಮಿಶ್ರಣದ ಮಟ್ಟಕ್ಕಿಂತ ಒಂದೆರಡು ಸೆಂಟಿಮೀಟರ್ ಮೇಲೆ ಇರಬೇಕು. ಹಾಗೆ ಉಳಿದ ಜಾಗಕ್ಕೆ ಬರೀ ಕಲ್ಲುನುಚ್ಚು ಹಾಕಿ. ಗಿಡಕ್ಕೆ ಕಲ್ಲಿನ ಕಾಲರ್ ತೊಡಿಸಿದ ಹಾಗೆ. ಎಲೆಯ ಅಡಿಭಾಗ ಎಲ್ಲೂ ಮಣ್ಣನ್ನು ಮುಟ್ಟಬಾರದು, ಕಲ್ಲನ್ನೇ ಮುಟ್ಟಬೇಕು. ಇಡೀ ಲೇಖನದಲ್ಲಿ ಒಂದೇ ಒಂದು ಸಾಲು ನೆನಪಿಡುವುದಾದರೆ ಇದನ್ನು ನೆನಪಿಡಿ.

ನೆಟ್ಟ ಮೇಲೆ ಕೆಲಸ ಕಡಿಮೆ. ಮಾರ್ಚ್‌ನಿಂದ ಹೂ ಮುಗಿಯುವವರೆಗೆ ಗಿಡ ಬೆಳೆಯುತ್ತಿರುತ್ತದೆ, ಆಗ ವಾರಕ್ಕೊಮ್ಮೆ ಚೆನ್ನಾಗಿ ನೀರು ಕೊಡುತ್ತೇನೆ. ಎಲೆಯ ಮೇಲಲ್ಲ, ಬಿರುಕಿನ ಮೇಲ್ಗಡೆಯಿಂದ. ಬೇಸಿಗೆಯ ಬಿಸಿಯಲ್ಲಿ ಅದು ಅರೆನಿದ್ದೆಯಲ್ಲಿ ಇರುತ್ತದೆ. ಎಲೆ ತುಸು ಸುಕ್ಕಾದರೆ ಗಾಬರಿಯಾಗಿ ನೀರು ಸುರಿಯಬಾರದು, ತೆಳುವಾಗಿ ಕೊಟ್ಟರೆ ಸಾಕು. ಬಿಸಿ ಮತ್ತು ಒದ್ದೆ ಒಟ್ಟಿಗೆ ಬಂದರೆ ಚಳಿಗಾಲದ ಒದ್ದೆಗಿಂತ ಬೇಗ ಕೊಳೆಯುತ್ತದೆ. ಗೊಬ್ಬರ ವಸಂತದಲ್ಲಿ ಒಂದು ಚಿಟಿಕೆ, ಸಾರಜನಕ ಕಡಿಮೆ ಇರುವಂಥದ್ದು. ಜಾಸ್ತಿ ಹಾಕಿದರೆ ಎಲೆ ಊದಿಕೊಂಡು ಮೆತ್ತಗಾಗುತ್ತದೆ. ಕೆಳಗಿನ ಎಲೆಗಳು ಒಣಗಿದ ಹಾಗೆಲ್ಲ ತೆಗೆಯುತ್ತಾ ಇರಬೇಕು, ಆದರೆ ಪೂರ್ತಿ ಒಣಗಿದ್ದನ್ನು ಮಾತ್ರ. ಅರ್ಧ ಹಸಿ ಇರುವುದನ್ನು ಕಿತ್ತರೆ ಕುತ್ತಿಗೆಗೆ ಗಾಯವಾಗುತ್ತದೆ. ಗೊಂಡೆಹುಳು (ಚಿಪ್ಪಿಲ್ಲದ ಬಸವನಹುಳು) ರಾತ್ರಿ ಬಂದು ಮೊಗ್ಗು ತಿನ್ನುತ್ತದೆ, ಕಲ್ಲುನುಚ್ಚು ಹಾಕಿದ ಮೇಲೆ ಅದರ ಕಾಟವೂ ಸ್ವಲ್ಪ ಕಡಿಮೆಯಾದಂತೆ ಕಂಡಿತು.

ನವೆಂಬರ್ ಬಂದಾಗ ದಿಬ್ಬದ ಮೇಲೆ ಒಂದು ಪಾರದರ್ಶಕ ಪಾಲಿಕಾರ್ಬೊನೇಟ್ ಹಾಳೆಯನ್ನು ನಾಲ್ಕು ಗೂಟದ ಮೇಲೆ ಓರೆಯಾಗಿ ಕಟ್ಟುತ್ತೇನೆ. ನಾಲ್ಕೂ ಕಡೆ ತೆರೆದೇ ಇರುತ್ತದೆ, ಗಾಳಿ ಆಡಬೇಕು. ಚಳಿ ತಡೆಯುವುದು ಇದರ ಉದ್ದೇಶವಲ್ಲ. ಬಿರುಕು ಚೆನ್ನಾಗಿ ಕಟ್ಟಿದ್ದರೆ ಇದಿಲ್ಲದೆಯೂ ಗಿಡ ಉಳಿಯುತ್ತದೆ, ಆದರೆ ನನ್ನ ಊರಿನ 150 ಒದ್ದೆ ದಿನಗಳ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ. ವಿಡಿಯೋ ಕಾಲ್‌ನಲ್ಲಿ ಇದನ್ನು ತೋರಿಸಿದಾಗ ಅಪ್ಪ ಸ್ವಲ್ಪ ಹೊತ್ತು ನೋಡಿ, "ಕೊಟ್ಟೆ ಕಟ್ಟಿದ್ದೀಯಲ್ಲೋ" ಅಂದರು. ಅಲ್ಲಿವರೆಗೆ ಅದಕ್ಕೆ ಏನು ಹೆಸರು ಅಂತ ನಾನು ಯೋಚಿಸಿರಲಿಲ್ಲ. ಈಗ ಮನೆಯಲ್ಲಿ ಎಲ್ಲರೂ ಅದನ್ನು ಕೊಟ್ಟೆ ಅಂತಲೇ ಕರೆಯುತ್ತೇವೆ.

ಸತ್ತು ಹುಟ್ಟುವ ಸೋದರಿ

ಈ ಕುಲಕ್ಕೆ ಲೂಯಿಸಿಯಾ ಅನ್ನುವ ಹೆಸರು ಬಂದದ್ದು ಕಾಟಿಲೀಡನ್‌ನಿಂದ ಅಲ್ಲ, ಅದರ ಸೋದರಿ ಲೂಯಿಸಿಯಾ ರೆಡಿವೀವಾದಿಂದ. ಅಮೆರಿಕದ ಅನ್ವೇಷಕ ಮೆರಿವೆದರ್ ಲೂಯಿಸ್ 1806ರ ಜುಲೈ 1ರಂದು ಈಗಿನ ಮೊಂಟಾನಾದಲ್ಲಿ, ಮಿಸ್ಸೂಲಾದ ಹತ್ತಿರ, ಅದನ್ನು ಕಿತ್ತು ಒಣಗಿಸಿ ಕಾಗದದ ನಡುವೆ ಇಟ್ಟುಕೊಂಡ. ಅಲ್ಲಿನ ಮೂಲನಿವಾಸಿಗಳಾದ ಸೇಲಿಷ್ ಜನ ಅದಕ್ಕೂ ಎಷ್ಟೋ ತಲೆಮಾರು ಮೊದಲಿನಿಂದ ಅದರ ಬೇರನ್ನು ವಸಂತದಲ್ಲಿ ಅಗೆದು, ಸಿಪ್ಪೆ ತೆಗೆದು, ಬೇಯಿಸಿ ತಿನ್ನುತ್ತಿದ್ದರು. ಇಂದಿಗೂ ಅದು ಅವರಿಗೆ ಪವಿತ್ರ ಆಹಾರ. ಒಣಗಿಸಿ ಪೂರ್ವ ಕರಾವಳಿಗೆ ಸಾಗಿಸಿದ ಆ ಬೇರು ಫಿಲಡೆಲ್ಫಿಯಾದಲ್ಲಿ ನೆಟ್ಟಾಗ ಚಿಗುರಿತು. 1814ರಲ್ಲಿ ಆ ಕುಲಕ್ಕೆ ಲೂಯಿಸನ ಹೆಸರನ್ನೇ ಇಟ್ಟ ಸಸ್ಯಶಾಸ್ತ್ರಜ್ಞ ಫ್ರೆಡರಿಕ್ ಪರ್ಷ್, ಮತ್ತೆ ಜೀವ ತಳೆದದ್ದು ಅನ್ನುವ ಅರ್ಥದಲ್ಲಿ ರೆಡಿವೀವಾ ಅಂದ. 1895ರಿಂದ ಅದು ಮೊಂಟಾನಾದ ರಾಜ್ಯಪುಷ್ಪ.

ಒಣಗಿಸಿದರೆ ಹೀಗೆ ಬದುಕಿ ಬರುವ ವಂಶವನ್ನು ನಾವು ನೀರು ಹಾಕಿ ಕಳೆದುಕೊಳ್ಳುತ್ತೇವೆ. ರೆಡಿವೀವಾ ಬೇಸಿಗೆಯಲ್ಲಿ ಎಲೆ ಪೂರ್ತಿ ಉದುರಿಸಿ ನೆಲದೊಳಗೆ ಮಾಯವಾಗುತ್ತದೆ. ಬೆಳೆಸುವುದು ಕಾಟಿಲೀಡನ್‌ಗಿಂತ ಕಷ್ಟ. ಹೊಸಬರು ಕಾಟಿಲೀಡನ್‌ನಿಂದಲೇ ಶುರು ಮಾಡುವುದು ಒಳ್ಳೆಯದು.

ಬೆಂಗಳೂರಿನಲ್ಲಿ ಬೆಳೆಯಬಹುದಾ ಅಂತ ಗೆಳೆಯರು ಕೇಳುತ್ತಾರೆ. ನಾನು ಬೇಡ ಅನ್ನುತ್ತೇನೆ. ಮಳೆಯ ಮೊತ್ತ ಪೋರ್ಟ್‌ಲ್ಯಾಂಡಿನಷ್ಟೇ ಇದ್ದರೂ ಅಲ್ಲಿ ಅದು ಸೆಕೆಯ ತಿಂಗಳುಗಳಲ್ಲಿ ಬೀಳುತ್ತದೆ. ಬಿಸಿ ಮತ್ತು ಒದ್ದೆ ಜೊತೆಯಾಗುತ್ತವೆ, ಗಿಡ ಮಲಗಬೇಕಾದ ಚಳಿಯೂ ಇಲ್ಲ. ಆದರೆ ನಿಮ್ಮ ತಾರಸಿಯಲ್ಲಿ ಅಡೇನಿಯಂ ಇದ್ದರೆ, ಮಳೆಗಾಲದಲ್ಲಿ ಅದರ ಬುಡ ಮೆತ್ತಗಾಗುತ್ತಿದ್ದರೆ, ಇಲ್ಲಿ ಹೇಳಿದ ಕಲ್ಲುನುಚ್ಚಿನ ಮಿಶ್ರಣ, ಎತ್ತರದ ಕುಂಡ, ಮೇಲಿನ ಕಲ್ಲಿನ ಕಾಲರ್, ಕೊಟ್ಟೆ ನಾಲ್ಕೂ ಹಾಗೆ ಹಾಗೇ ಕೆಲಸಕ್ಕೆ ಬರುತ್ತವೆ. ತಳಕ್ಕೆ ಹೆಂಚಿನ ಚೂರು ಹಾಕುವುದನ್ನು ಮಾತ್ರ ಬಿಡಿ.

ಗಿಡ ದಪ್ಪವಾದ ಮೇಲೆ ಮರಿಗಳನ್ನು ಬೇರ್ಪಡಿಸಬಹುದು. ಹೂ ಮುಗಿದಾಗ ಚೂಪಾದ ಚಾಕುವಿನಿಂದ ಮರಿಯನ್ನು ಕತ್ತರಿಸಿ, ಗಾಯ ಒಣಗಲು ಎರಡು ದಿನ ನೆರಳಲ್ಲಿ ಇಟ್ಟು, ಆಮೇಲೆ ಪ್ಯೂಮಿಸ್‌ನಲ್ಲಿ ಊರಿದರೆ ಬೇರು ಬಿಡುತ್ತದೆ. ಕೊಳೆ ಹತ್ತಿದ ಗಿಡದಲ್ಲೂ ಎಲೆಚಕ್ರ ಗಟ್ಟಿಯಿದ್ದರೆ, ಕೊಳೆತ ಭಾಗವನ್ನು ಬಿಳಿ ತಿರುಳು ಕಾಣುವವರೆಗೆ ಕೊರೆದು ತೆಗೆದು ಇದೇ ರೀತಿ ಪ್ರಯತ್ನಿಸಬಹುದು. ನನಗೆ ಒಮ್ಮೆ ಫಲಿಸಿದೆ, ಎರಡು ಸಲ ಇಲ್ಲ.

ಬೀಜದ ದಾರಿ ನಿಧಾನ, ಆದರೆ ಅದರ ಖುಷಿಯೇ ಬೇರೆ. ಕಪ್ಪಗೆ ಹೊಳೆಯುವ ಸಣ್ಣ ಬೀಜ. ಅದು ಮೊಳೆಯಲು ಚಳಿ ಬೇಕು. ಹಾಗಾಗಿ ಅಕ್ಟೋಬರ್‌ನಲ್ಲಿ ಟ್ರೇಯಲ್ಲಿ ಬಿತ್ತಿ, ಮೇಲೆ ತೆಳುವಾಗಿ ಕಲ್ಲುನುಚ್ಚು ಉದುರಿಸಿ, ಹೊರಗೇ ಇಟ್ಟುಬಿಡುತ್ತೇನೆ. ಚಳಿಗೆ ಹೆಪ್ಪುಗಟ್ಟಿದರೂ ಪರವಾಗಿಲ್ಲ, ಅದೇ ಅದಕ್ಕೆ ಬೇಕಾದದ್ದು. ಲೂಯಿಸಿಯಾಗಳು ತಮ್ಮತಮ್ಮಲ್ಲೇ ಸುಲಭವಾಗಿ ಬೆರೆಯುವುದರಿಂದ ತಾಯಿಯ ಬಣ್ಣವೇ ಬರುತ್ತದೆ ಅಂತ ಹೇಳುವ ಹಾಗಿಲ್ಲ. ಈ ವರ್ಷ ಫೆಬ್ರವರಿ ಕೊನೆಯಲ್ಲಿ ಟ್ರೇಯಲ್ಲಿ ಮೂವತ್ತೇಳು ಮೊಳಕೆ ಎಣಿಸಿದೆ. ಅಕ್ಕಿಕಾಳಿನಷ್ಟು ಎರಡೆರಡು ಎಲೆ. ತಾಯಿಗಿಡ ಕಿತ್ತಳೆ ಬಣ್ಣದ್ದು, ಪಕ್ಕದ ಬಿರುಕಿನಲ್ಲಿ ಇದ್ದದ್ದು ಬಿಳಿ. ಈ ಮೂವತ್ತೇಳರಲ್ಲಿ ಯಾವುದು ಯಾವ ಬಣ್ಣ ಅಂತ ತಿಳಿಯಲು ಇನ್ನೂ ಎರಡು ಮೇ ತಿಂಗಳು ಕಾಯಬೇಕು.